ಟೊಮೆಟೊಗೆ ಲಾರಿಯಲ್ಲಿ 25 ಪೈಸೆ, ನಿಮ್ಮ ಸ್ಕೂಟರಿನಲ್ಲಿ 14 ರೂಪಾಯಿ!

[ಮೇಜಿನ ಮೇಲೆ ಒಂದು ಕೆಜಿ ಟೊಮೆಟೊ, ಪಕ್ಕದಲ್ಲಿ ಹೆಲ್ಮೆಟ್]

ಎಲ್ಲರಿಗೂ ನಮಸ್ಕಾರ. ನಮ್ಮ ವೀಕ್ಷಕರೊಬ್ಬರು ಕೇಳಿದ್ದರು: "ಸಾರ್, ಡೀಸೆಲ್ ಎರಡು ರೂಪಾಯಿ ಏರಿದರೆ ಟೊಮೆಟೊ ಹತ್ತು ರೂಪಾಯಿ ಏರುತ್ತೆ. ಈ ಲೆಕ್ಕ ಯಾವ ಮೇಷ್ಟ್ರು ಹೇಳಿಕೊಟ್ಟಿದ್ದು?"

ಒಳ್ಳೆ ಪ್ರಶ್ನೆ. ಲಾರಿ ಲೆಕ್ಕ ಹಾಕೋಣ ಅಂತ ಕೂತೆ. ಲೆಕ್ಕ ಮುಗಿಯುವಷ್ಟರಲ್ಲಿ ಲಾರಿ ನಿರಪರಾಧಿ ಆಗಿತ್ತು. ಸಿಕ್ಕಿಬಿದ್ದದ್ದು ಮನೆ ಮುಂದೆ ನಿಲ್ಲಿಸಿರುವ ಸ್ಕೂಟರ್.

ಮೊದಲು ಎಲ್ಲರಿಗೂ ಗೊತ್ತಿರುವುದನ್ನು ಬೇಗ ಮುಗಿಸುತ್ತೇನೆ. ಪೆಟ್ರೋಲ್ ಬೆಲೆಯ ಮೇಲಿನ ಸರ್ಕಾರದ ಹಿಡಿತ 2010ರಲ್ಲಿ ಸಡಿಲವಾಯಿತು, ಡೀಸೆಲ್‌ದು 2014ರಲ್ಲಿ. ಬೆಂಗಳೂರಿನಲ್ಲಿ ಪೆಟ್ರೋಲ್ ನೂರು ದಾಟಿದ್ದು 2021ರ ಜೂನ್‌ನಲ್ಲಿ. ಇದು ಜಿಎಸ್‌ಟಿ ಒಳಗೆ ಬರುವುದಿಲ್ಲ. ಹಾಗಾಗಿ ಕೇಂದ್ರಕ್ಕೊಂದು ಪಾಲು, ರಾಜ್ಯಕ್ಕೊಂದು ಪಾಲು. 2024ರ ಜೂನ್‌ನಲ್ಲಿ ಕರ್ನಾಟಕ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇಕಡ 25.92ರಿಂದ 29.84ಕ್ಕೆ ಏರಿಸಿತು, ಲೀಟರಿಗೆ ಮೂರು ರೂಪಾಯಿ ಜಾಸ್ತಿ ಆಯಿತು. 2025ರ ಏಪ್ರಿಲ್ 1ಕ್ಕೆ ಡೀಸೆಲ್ ತೆರಿಗೆ ಶೇಕಡ 21.17ಕ್ಕೆ ಹೋಯಿತು, ಅಲ್ಲಿ ಎರಡು ರೂಪಾಯಿ. ಆ ಏರಿಕೆ ಆದಮೇಲೆ ಬೆಂಗಳೂರಿನಲ್ಲಿ ಪೆಟ್ರೋಲ್ 103ರ ಹತ್ತಿರ, ಡೀಸೆಲ್ 91. ಈ ವಿಡಿಯೋದ ಲೆಕ್ಕ ಎಲ್ಲಾ ಇದೇ ರೇಟಿನಲ್ಲಿ. ನೀವು ನೋಡುವ ಹೊತ್ತಿಗೆ ಬಂಕ್‌ನಲ್ಲಿ ಬೇರೆ ನಂಬರ್ ಇದ್ದರೆ ಅದನ್ನು ಹಾಕಿಕೊಳ್ಳಿ.

[ಸ್ಕ್ರೀನ್ ಮೇಲೆ: ಕೋಲಾರ – ಬೆಂಗಳೂರು, ಸುಮಾರು 70 ಕಿ.ಮೀ.]

ಈಗ ಕೋಲಾರಕ್ಕೆ ಹೋಗೋಣ. ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಅಲ್ಲಿನ ಎಪಿಎಂಸಿ ಒಂದು. 15 ಕೆಜಿ ಬಾಕ್ಸ್ ಲೆಕ್ಕದಲ್ಲಿ ಹರಾಜು ನಡೆಯುತ್ತದೆ. ಅಲ್ಲಿಂದ ಹತ್ತು ಟನ್ ಟೊಮೆಟೊ ಹೊತ್ತ ಲಾರಿ ಬೆಂಗಳೂರಿಗೆ ಹೊರಟಿತು ಅಂತಿಟ್ಟುಕೊಳ್ಳಿ. ಮೈಲೇಜ್ ಲೀಟರಿಗೆ ಐದು ಕಿಲೋಮೀಟರ್. ವಾಪಸ್ ಖಾಲಿ ಹೋಗುತ್ತದೆ ಅಂತಲೂ ಸೇರಿಸೋಣ, ಡ್ರೈವರ್ ಮೇಲೆ ಅನ್ಯಾಯ ಬೇಡ. ಒಟ್ಟು 140 ಕಿಲೋಮೀಟರ್, 28 ಲೀಟರ್ ಡೀಸೆಲ್, 2,548 ರೂಪಾಯಿ.

ಇದನ್ನು ಹತ್ತು ಸಾವಿರ ಕೆಜಿಗೆ ಹಂಚಿ. ಒಂದು ಕೆಜಿಗೆ ಇಪ್ಪತ್ತೈದೂವರೆ ಪೈಸೆ!

ಲಾರಿ ಬಾಡಿಗೆಯಲ್ಲಿ ಡ್ರೈವರ್ ಸಂಬಳ, ಟೋಲ್, ಟೈರು, ಹಮಾಲಿ ಎಲ್ಲಾ ಬೇರೆ ಇರುತ್ತದೆ. ನಾನು ಹೇಳುತ್ತಿರುವುದು ಬರೀ ಡೀಸೆಲ್.

ಈಗ ನೀವು. ಮನೆಯಿಂದ ತರಕಾರಿ ಮಾರ್ಕೆಟ್ ಮೂರು ಕಿಲೋಮೀಟರ್. "ಟೊಮೆಟೊ ಖಾಲಿ ಆಗಿದೆ, ಒಂದ್ ಕೆಜಿ ತಂದ್ಬಿಡ್ರೀ" ಅಂತ ಒಳಗಿನಿಂದ ಆರ್ಡರ್ ಬರುತ್ತದೆ. ಸ್ಕೂಟರ್ ಮೈಲೇಜ್ 45. ಹೋಗಿ ಬರಲು ಆರು ಕಿಲೋಮೀಟರ್. ಕಿಲೋಮೀಟರಿಗೆ 2 ರೂಪಾಯಿ 29 ಪೈಸೆ ಬೀಳುತ್ತದೆ. ಒಟ್ಟು ಹದಿಮೂರು ಮುಕ್ಕಾಲು ರೂಪಾಯಿ. ಕಾರು ತೆಗೆದರೆ? ಊರೊಳಗೆ 12 ಕೊಟ್ಟರೆ ಪುಣ್ಯ. ಐವತ್ತೊಂದೂವರೆ ರೂಪಾಯಿ!

ಎಪ್ಪತ್ತು ಕಿಲೋಮೀಟರ್ ದೂರದಿಂದ ಬಂದ ಟೊಮೆಟೊ ಕಾಲು ರೂಪಾಯಿಯ ಇಂಧನ ಸುಟ್ಟಿದೆ. ಕೊನೆಯ ಮೂರು ಕಿಲೋಮೀಟರಿಗೆ ಅದರ ಐವತ್ತು ಪಟ್ಟು ಹೆಚ್ಚು. ಕಾರಿನಲ್ಲಿ ಇನ್ನೂರು ಪಟ್ಟು.

ನನಗೆ ಇದನ್ನು ಬಿಟ್ಟು ಮುಂದೆ ಹೋಗೋಕೆ ಮನಸ್ಸೇ ಬರುತ್ತಿಲ್ಲ, ಸ್ವಲ್ಪ ತಡೆದುಕೊಳ್ಳಿ. ಇದನ್ನು ಮದುವೆ ಬಸ್ ಅಂದುಕೊಳ್ಳಿ. ಕೆಜಿಗೆ ಒಂದು ಡಜನ್ ಟೊಮೆಟೊ ಅಂದರೆ ಆ ಲಾರಿಯಲ್ಲಿ ಒಂದು ಲಕ್ಷದ ಇಪ್ಪತ್ತು ಸಾವಿರ ಜನ ಇದ್ದಾರೆ. ಒಬ್ಬರ ಮೇಲೊಬ್ಬರು, ಕಿಟಕಿ ಸೀಟಿಗೆ ಜಗಳ, ಅಡಿಯಲ್ಲಿ ಸಿಕ್ಕವರ ಪಾಡು ಕೇಳಬೇಡಿ. ಆದರೆ ತಲೆಗೆ ಚಾರ್ಜ್ ಬರೀ ಎರಡು ಪೈಸೆ. ಮಾರ್ಕೆಟ್ ಸ್ಟಾಪಿನಲ್ಲಿ ಎಲ್ಲರೂ ಇಳಿಯುತ್ತಾರೆ. ಅಲ್ಲಿಂದ ಹನ್ನೆರಡು ಜನ ಮಾತ್ರ ನಮ್ಮನೆ ಕಡೆ ಬರಬೇಕು. ಅವರು ಏನು ಮಾಡುತ್ತಾರೆ? ಒಂದು ಸ್ಪೆಷಲ್ ಆಟೋ ಮಾಡಿಕೊಂಡು, ಹೋಗಿಬರುವ ಎರಡೂ ಕಡೆ ಬಾಡಿಗೆ ಕೊಟ್ಟು, ರಾಜರ ಹಾಗೆ ಬಂದಿಳಿಯುತ್ತಾರೆ. ಆ ಆಟೋದವರು ನೀವೇ. ಬಾಡಿಗೆ ಕೊಟ್ಟವರೂ ನೀವೇ.

[ಟೊಮೆಟೊ ಒಂದನ್ನು ಎತ್ತಿ ಹಿಡಿದು] ವಿಐಪಿ.

ಲಾರಿ ಬಿಟ್ಟು ಚಿಕ್ಕ ಗೂಡ್ಸ್ ಗಾಡಿ ತೆಗೆದುಕೊಂಡರೂ ಕಥೆ ಬದಲಾಗುವುದಿಲ್ಲ. 750 ಕೆಜಿ ಹೊರುವ, ಲೀಟರಿಗೆ 15 ಕೊಡುವ ಗಾಡಿ ಅದೇ ಕೋಲಾರದಿಂದ ಬಂದು ಖಾಲಿ ವಾಪಸ್ ಹೋದರೆ ಕೆಜಿಗೆ 1 ರೂಪಾಯಿ 13 ಪೈಸೆ. ಆಗಲೂ ನಿಮ್ಮ ಸ್ಕೂಟರೇ ದುಬಾರಿ.

ಈಗ ನಮ್ಮ ವೀಕ್ಷಕರ ಪ್ರಶ್ನೆಗೆ ಬರೋಣ. ಡೀಸೆಲ್ ಎರಡು ರೂಪಾಯಿ ಏರಿದರೆ ಆ ಲಾರಿಗೆ 56 ರೂಪಾಯಿ ಜಾಸ್ತಿ ಖರ್ಚು. ಕೆಜಿಗೆ ಅರ್ಧ ಪೈಸೆ ಚಿಲ್ಲರೆ. ನಾಸಿಕ್ ಕಡೆಯಿಂದ ಸಾವಿರ ಕಿಲೋಮೀಟರ್ ಬರುವ ಈರುಳ್ಳಿಗೂ, ಲಾರಿ ಖಾಲಿ ಹಿಂತಿರುಗಿದರೂ, ಕೆಜಿಗೆ ಎಂಟು ಪೈಸೆ. ಟ್ರ್ಯಾಕ್ಟರು, ತೋಟದಿಂದ ಮಂಡಿಗೆ ತರುವ ಗಾಡಿ ಎಲ್ಲಾ ಸೇರಿಸಿ, ಇನ್ನೊಂದಿಷ್ಟು ಪೈಸೆ ಆಗಬಹುದು. ಹತ್ತು ರೂಪಾಯಿ ಎಲ್ಲಿಂದ ಬರಬೇಕು?

ಇನ್ನೊಂದು ಸಾಕ್ಷಿ ಕೊಡುತ್ತೇನೆ. 2022ರ ಮೇ ಕೊನೆಯಿಂದ 2024ರ ಮಾರ್ಚ್ ಮಧ್ಯದವರೆಗೆ ಬೆಂಗಳೂರಿನಲ್ಲಿ ಪೆಟ್ರೋಲ್ 101.94, ಡೀಸೆಲ್ 87.89ರಲ್ಲೇ ಕೂತಿತ್ತು. ಅಲ್ಲಾಡಲಿಲ್ಲ. ಅದರ ನಡುವೆ, 2023ರ ಜುಲೈನಲ್ಲಿ, ಕೋಲಾರದಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತು. ನೆನಪಿದೆ ಅಲ್ವಾ, ಟೊಮೆಟೊ ತೋಟಕ್ಕೆ ರಾತ್ರಿ ಕಾವಲು ಕೂತ ಕಾಲ? ಡೀಸೆಲ್‌ಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಬೆಳೆ ಕೈಕೊಟ್ಟಿತ್ತು, ಅಷ್ಟೇ. ಬೆಳೆ ಜಾಸ್ತಿ ಬಂದ ವರ್ಷ ಅದೇ ರೈತರು ಟೊಮೆಟೊ ರಸ್ತೆಗೆ ಸುರಿಯುವುದನ್ನೂ ನೋಡಿದ್ದೇವೆ. ಆಗ ಡೀಸೆಲ್ ಏನೂ ಪುಕ್ಕಟೆ ಇರುವುದಿಲ್ಲ. ಹಾಗಾಗಿ ಅಂಗಡಿಯವರು "ಡೀಸೆಲ್ ಜಾಸ್ತಿ ಆಗಿದೆ ಮೇಡಂ" ಅಂದಾಗ ಸುಮ್ನೆ ನಕ್ಕು ಕೊತ್ತಂಬರಿ ಸೊಪ್ಪು ಫ್ರೀ ಕೇಳಿ.

ಹಾಗಂತ ಡೀಸೆಲ್ ಯಾವುದಕ್ಕೂ ತಾಗುವುದಿಲ್ಲ ಅಂತಲ್ಲ. ಬೆಲೆ ಕಡಿಮೆ, ಭಾರ ಜಾಸ್ತಿ ಇರುವ ವಸ್ತುಗಳಿಗೆ ಚೆನ್ನಾಗಿಯೇ ತಾಗುತ್ತದೆ. ಮರಳು, ಇಟ್ಟಿಗೆ, ಟ್ಯಾಂಕರ್ ನೀರು. ಇನ್ನೊಂದು ಮಜಾ ಗಿರಾಕಿ ಅಂದರೆ ದಾವಣಗೆರೆ ಮಂಡಕ್ಕಿ. ಭಾರವೇ ಇಲ್ಲ, ಆದರೆ ತೂಕ ಆಗುವ ಮೊದಲೇ ಲಾರಿ ತುಂಬಿಬಿಡುತ್ತದೆ. ಚಿಪ್ಸ್ ಪ್ಯಾಕೆಟ್ಟೂ ಹಾಗೇ. ಗಾಳಿಗೆ ಬಾಡಿಗೆ ಕಟ್ಟುವ ಧಂದೆ.

ಈಗ ಜನ ಏನು ಮಾಡುತ್ತಿದ್ದಾರೆ ಅನ್ನುವುದು. ಪೆಟ್ರೋಲ್ ಏರಿದಾಗ ಎಲ್ಲರ ತಲೆಗೆ ಮೊದಲು ಬರುವುದು "ಕಡಿಮೆ ರೇಟಿನ ಅಂಗಡಿ ಹುಡುಕೋಣ" ಅಂತ. ಊರಾಚೆ ದೊಡ್ಡ ಸೂಪರ್ ಮಾರ್ಕೆಟ್, ಒಂಬತ್ತು ಕಿಲೋಮೀಟರ್, ಎಲ್ಲಾ ಸಾಮಾನು ಸರಾಸರಿ ಶೇಕಡ 5 ಕಡಿಮೆ ಅನ್ನೋಣ. ಕಾರಿನಲ್ಲಿ ಹೋಗಿ ಬರಲು ಒಂದೂವರೆ ಲೀಟರ್, ಅಂದರೆ 154 ರೂಪಾಯಿ. ಎರಡು ಸಾವಿರದ ಬಿಲ್ ಮಾಡಿದರೆ ಉಳಿದದ್ದು ನೂರು. ಐವತ್ನಾಲ್ಕು ರೂಪಾಯಿ ಕಳೆದುಕೊಂಡು, ಉಳಿತಾಯ ಮಾಡಿದ ಖುಷಿಯಲ್ಲಿ ಮನೆಗೆ ಬರುತ್ತೇವೆ. ಬಿಲ್ ಮೂರು ಸಾವಿರದ ಎಂಬತ್ತು ದಾಟಿದ ಮೇಲೆ ಲಾಭ ಶುರು. ಅದೂ ಪಾರ್ಕಿಂಗ್ ಫೀಸು, ಬಾಗಿಲ ಹತ್ತಿರದ ಐಸ್‌ಕ್ರೀಮು ಸೇರಿಸದೇ.

ನನಗೆ ಹೆಚ್ಚು ಆಶ್ಚರ್ಯ ಆಗಿದ್ದು ಇಲ್ಲಿ. ಪೆಟ್ರೋಲ್ ಮೂರು ರೂಪಾಯಿ ಏರಿದ್ದಕ್ಕೆ ಈ ಟ್ರಿಪ್ಪಿಗೆ ಜಾಸ್ತಿ ಆಗಿದ್ದು ನಾಲ್ಕೂವರೆ ರೂಪಾಯಿ. ಮಿಕ್ಕ ನೂರೈವತ್ತು ಮೊದಲಿನಿಂದಲೂ ಹೋಗುತ್ತಲೇ ಇತ್ತು. ಯಾರೂ ನೋಡಿರಲಿಲ್ಲ. ಬೆಲೆ ಏರಿದ ಸುದ್ದಿ ಟಿವಿಯಲ್ಲಿ ಬಂದಾಗ ಮಾತ್ರ ನಾವು ಲೆಕ್ಕದ ಪುಸ್ತಕ ತೆಗೆಯುತ್ತೇವೆ.

ಹಾಗಾದರೆ ನಿಜವಾಗಿ ಉಳಿಸುವ ಅಭ್ಯಾಸ ಯಾವುದು? ಹಳೇದೇ. ತಿಂಗಳ ದಿನಸಿ ಚೀಟಿ. ತಿಂಗಳ ಮೊದಲ ವಾರ ಅಕ್ಕಿ, ಬೇಳೆ, ಎಣ್ಣೆ, ಸೋಪು ಅಂತ ಉದ್ದ ಚೀಟಿ ಬರೆದು ಶೆಟ್ಟರ ಅಂಗಡಿಗೆ ಕೊಡುತ್ತಿದ್ದರು, ಸಂಜೆ ಹುಡುಗ ಸೈಕಲ್ ಮೇಲೆ ತಂದು ಹಾಕುತ್ತಿದ್ದ. ಈಗ ಚೀಟಿ ವಾಟ್ಸಾಪ್‌ನಲ್ಲಿ ಹೋಗುತ್ತದೆ, ಅಕ್ಷರ ಓದಲು ಸುಲಭ. ಇನ್ನು ಹಳ್ಳಿ ಕಡೆ ಸಂತೆ. ಸೋಮವಾರ ಈ ಊರು, ಮಂಗಳವಾರ ಪಕ್ಕದ ಊರು ಅಂತ ವ್ಯಾಪಾರಿಗಳೇ ಸುತ್ತುತ್ತಾರೆ. ನೂರು ಮನೆಯವರು ನೂರು ದಿಕ್ಕಿಗೆ ಬೈಕ್ ಓಡಿಸುವ ಬದಲು ಹತ್ತು ಗಾಡಿ ಒಂದೇ ಮೈದಾನಕ್ಕೆ ಬರುತ್ತವೆ. ಪೆಟ್ರೋಲ್ ಇಲ್ಲದ ಕಾಲದಲ್ಲಿ ಹುಟ್ಟಿದ್ದಕ್ಕೆ ಇರಬೇಕು, ಇಷ್ಟು ಕಡಿಮೆ ಓಡಾಟದಲ್ಲಿ ಇಷ್ಟು ಸಾಮಾನು ಹಂಚುವ ವ್ಯವಸ್ಥೆ ಯಾವ ಆ್ಯಪ್‌ನವರಿಗೂ ಇನ್ನೂ ಬಂದಿಲ್ಲ ಅಂತ ನನ್ನ ವಾದ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ವಾರಕ್ಕೊಮ್ಮೆ ಗೇಟಿನೊಳಗೆ ತರಕಾರಿ ಗಾಡಿ ಬಂದು ನಿಲ್ಲುತ್ತದಲ್ಲ, ಅದೂ ಸಂತೆಯೇ. ಸೆಕ್ಯುರಿಟಿ ರಿಜಿಸ್ಟರ್‌ನಲ್ಲಿ ಸೈನ್ ಮಾಡಬೇಕು, ಅಷ್ಟೇ ವ್ಯತ್ಯಾಸ.

ಎಡಿಟರ್ ಆಗಲೇ ಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದು ಬೇಗ ಬೇಗ.

ಹತ್ತು ನಿಮಿಷದ ಡೆಲಿವರಿ. ನಿಮ್ಮ ಪೆಟ್ರೋಲ್ ಉಳಿಯಿತು, ನಿಜ. ಆದರೆ ಡಾರ್ಕ್ ಸ್ಟೋರ್, ಅಂದರೆ ಡೆಲಿವರಿಗೆ ಅಂತಲೇ ಇರುವ ಆ್ಯಪ್‌ನವರ ಗೋಡೌನ್, ಎರಡು ಕಿಲೋಮೀಟರ್ ದೂರ ಇದ್ದರೆ ರೈಡರ್‌ಗೆ ಹೋಗಿ ಬರಲು ಒಂಬತ್ತು ರೂಪಾಯಿ ಪೆಟ್ರೋಲ್. ಸಾಮಾನ್ಯವಾಗಿ ಅದು ಅವರ ಜೇಬಿನಿಂದಲೇ. ಬೆಲೆ ಏರಿದ ದಿನ ನಮಗಿಂತ ಮೊದಲು ಬಿಸಿ ತಟ್ಟುವುದು ಅವರಿಗೆ. 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರಿಗೆ, ಅಂದರೆ ಇವರ ಹಾಗೆ ಆ್ಯಪ್ ಮೂಲಕ ಕೆಲಸ ಮಾಡುವವರಿಗೆ, ಕಾನೂನು ತಂದಿದೆ, ಆ್ಯಪ್ ಕಂಪನಿಗಳಿಂದ ಶೇಕಡ 1ರಿಂದ 5ರವರೆಗೆ ಕಲ್ಯಾಣ ಶುಲ್ಕ. ಅದು ಸಾಮಾಜಿಕ ಭದ್ರತೆಗೆ. ಟ್ಯಾಂಕ್ ತುಂಬಿಸುವುದು ರೈಡರ್ ತಲೆನೋವೇ. ಅದಕ್ಕೇ ಬೆಂಗಳೂರಿನಲ್ಲಿ ಇಷ್ಟೊಂದು ರೈಡರ್‌ಗಳು ಬ್ಯಾಟರಿ ಗಾಡಿಗೆ ಹೋಗಿರುವುದು. ಮನೆ ಕರೆಂಟಿನಲ್ಲಿ ಚಾರ್ಜ್ ಮಾಡಿದರೆ ಕಿಲೋಮೀಟರಿಗೆ ಮೂವತ್ತು ಪೈಸೆಯೊಳಗೆ ಮುಗಿಯುತ್ತದೆ. ಹಸಿಮೆಣಸಿನಕಾಯಿ ಒಂದನ್ನೇ ಆರ್ಡರ್ ಮಾಡುವವರೇ, ನಿಮ್ಮ ಮೇಲೆ ನನಗೆ ಕೋಪ ಇಲ್ಲ. ಜೊತೆಗೆ ಬೆಳಿಗ್ಗೆಯ ಹಾಲನ್ನೂ ಸೇರಿಸಿ.

ಬಸ್ಸು. 2023ರ ಜೂನ್ 11ರಿಂದ ಶಕ್ತಿ ಯೋಜನೆ, ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಇಲ್ಲ. 2025ರ ಜನವರಿಯಲ್ಲಿ ಬಸ್ ದರ ಶೇಕಡ 15 ಏರಿದಾಗಲೂ ಅವರ ಟಿಕೆಟ್ ಸೊನ್ನೆಯೇ. ಕಾರಿನಲ್ಲಿ ಯಜಮಾನರು ಹೋದರೆ ನೂರೈವತ್ತು, ಬಸ್ಸಿನಲ್ಲಿ ಯಜಮಾನತಿ ಹೋದರೆ ಸೊನ್ನೆ. ಬ್ಯಾಗ್ ಹೊರುವವರು ಯಾರು ಅನ್ನುವ ಪ್ರಶ್ನೆಗೆ ಮಾತ್ರ ಯೋಜನೆಯಲ್ಲಿ ಉತ್ತರ ಇಲ್ಲ. ಯಜಮಾನರೇ, ಟಿಕೆಟ್ ತಗೊಂಡು ಜೊತೆಗೆ ಹೋಗಿ.

ತಳ್ಳೋ ಗಾಡಿ. ಇಂಧನ ಸೊನ್ನೆ, ಡೆಲಿವರಿ ಚಾರ್ಜ್ ಸೊನ್ನೆ, ಚೌಕಾಸಿಗೂ ಅವಕಾಶ. ನೀವು ಮೂರು ಕಿಲೋಮೀಟರ್ ಹೋಗಿ ತರುವ ಕೆಜಿ ಟೊಮೆಟೊಗಿಂತ ಅವರು ಹತ್ತು ರೂಪಾಯಿ ಜಾಸ್ತಿ ಹೇಳಿದರೂ ನಿಮಗೇ ಲಾಭ. ಸ್ಕೂಟರಿನ ಹದಿನಾಲ್ಕು ನೆನಪಿಟ್ಟುಕೊಂಡು ಚೌಕಾಸಿ ಮಾಡಿ.

ಕೊನೆಗೆ ಗಡಿ ಭಾಗದವರು. ಕಾಸರಗೋಡು ಕಡೆಯವರು ಗಡಿ ದಾಟಿ ನಮ್ಮ ತಲಪಾಡಿಯ ಬಂಕಿಗೆ ಬರುತ್ತಾರೆ, ಕೇರಳದಲ್ಲಿ ಪೆಟ್ರೋಲ್ ಜಾಸ್ತಿ. ಕಾರವಾರದವರು ಗೋವಾ ಕಡೆ ಹೋಗುತ್ತಾರೆ, ಅಲ್ಲಿ ಕಡಿಮೆ. ಲೀಟರಿಗೆ ನಾಲ್ಕು ರೂಪಾಯಿ ವ್ಯತ್ಯಾಸ ಅಂತಿಟ್ಟುಕೊಳ್ಳಿ, ಸ್ಕೂಟರಿಗೆ ಐದು ಲೀಟರ್ ಅಂದರೆ ಉಳಿಯುವುದು ಇಪ್ಪತ್ತು. ಅದು ಸುಮಾರು ಒಂಬತ್ತು ಕಿಲೋಮೀಟರ್ ಓಡಾಟಕ್ಕೆ ಸಮ. ಬಂಕ್ ನಾಲ್ಕೂವರೆ ಕಿಲೋಮೀಟರ್‌ಗಿಂತ ದೂರ ಇದ್ದರೆ, ಬೇರೆ ಕೆಲಸದ ಮೇಲೆ ಹೋದಾಗ ಮಾತ್ರ ಹಾಕಿಸಿಕೊಂಡು ಬನ್ನಿ.

[ಸ್ಕ್ರೀನ್ ಮೇಲೆ: ಒಂದು ಲೀಟರ್ ಬೆಲೆ ÷ ಮೈಲೇಜ್ × ಹೋಗಿ ಬರುವ ಕಿ.ಮೀ.]

ಈ ಲೆಕ್ಕವನ್ನು ನಿಮ್ಮ ಗಾಡಿಗೆ ಹಾಕಿ ನೋಡಿ, ಉತ್ತರ ಕೆಳಗೆ ಬರೆಯಿರಿ. ಮೈಲೇಜ್ ಮಾತ್ರ ನಿಜವಾದದ್ದು ಹಾಕಿ, ಶೋರೂಮ್‌ನವರು ಹೇಳಿದ್ದು ಬೇಡ. ಮುಂದಿನ ವಿಡಿಯೋದಲ್ಲಿ ಪೆಟ್ರೋಲ್ ಇನ್ನೂ ಜಿಎಸ್‌ಟಿ ಒಳಗೆ ಯಾಕೆ ಬಂದಿಲ್ಲ ಅನ್ನುವ ಕಥೆ. ಅದಕ್ಕೆ ಎಡಿಟರ್ ಹತ್ತಿರ ಇನ್ನೂ ಐದು ನಿಮಿಷ ಜಾಸ್ತಿ ಕೇಳಿದ್ದೇನೆ.