ಸೊಂಟದ ಕೀಲು: ಕಂಪನಿ ಕೇಳುವ ಮುನ್ನ

ಎಲ್ಲರಿಗೂ ನಮಸ್ಕಾರ.

ಸೊಂಟದ ಕೀಲು ಬದಲಾಯಿಸಬೇಕು ಅಂದ ಕೂಡಲೇ ದಾವಣಗೆರೆ ಸೀಮೆಯಲ್ಲಿ ಮನೆಯವರ ಮೊದಲ ಪ್ರಶ್ನೆ, "ಯಾವ ಕಂಪನೀದು ಹಾಕ್ತೀರಿ ಸಾರ್, ಫಾರಿನ್ದಾ?" ಅದಕ್ಕೂ ಮುಂಚೆ ಕೇಳಬೇಕಾದವು ಎರಡಿವೆ. ಸ್ಟೆಮ್ ಮೂಳೆಯಲ್ಲಿ ಹೇಗೆ ಕಚ್ಚಿಕೊಳ್ಳುತ್ತೆ? ಹೆಡ್ ಯಾವುದರ ಮೇಲೆ ಉಜ್ಜುತ್ತೆ?

ರುಬ್ಬುವ ಒರಳು, ಗುಂಡು ನೆನಪಿಸಿಕೊಳ್ಳಿ. ಒರಳಿನ ಕುಳಿ ಅಂದರೆ ಕಪ್ಪು (ಬಟ್ಟಲು), ಅದರೊಳಗಿನ ಒಳಪದರ ಲೈನರ್. ಗುಂಡು ಅಂದರೆ ಹೆಡ್. ಅದನ್ನು ಹೊತ್ತು ತೊಡೆಮೂಳೆಯೊಳಗೆ ಇಳಿಯುವುದು ಸ್ಟೆಮ್.

ಮೊದಲು ಸ್ಟೆಮ್ಮಿನ ಹಿಡಿತ. ಅದಕ್ಕೆ ಸಿಮೆಂಟ್ ಹಾಕುವುದು ಹಳೇ ಪದ್ಧತಿ ಅನ್ನುವ ತಾತ್ಸಾರ ಇದೆ, ಅದು ತಪ್ಪು. ಇದು ಮನೆ ಕಟ್ಟುವ ಸಿಮೆಂಟಲ್ಲ, ಅಕ್ರಿಲಿಕ್ ಅನ್ನುವ ಪ್ಲಾಸ್ಟಿಕ್: ಸಾಮಾನ್ಯ ಪ್ಯಾಕೆಟ್ಟಿನಲ್ಲಿ 40 ಗ್ರಾಂ ಪುಡಿ, 20 ಮಿ.ಲೀ. ದ್ರವ. ಗೋಂದಿನಂತೆ ಅಂಟುವುದಿಲ್ಲ, ಮೂಳೆಯ ಸಣ್ಣ ತೂತುಗಳಿಗೆ ನುಗ್ಗಿ ಗಟ್ಟಿಯಾಗಿ ಹಿಡಿಯುತ್ತದೆ. ಮೂಳೆಯನ್ನು ಚೆನ್ನಾಗಿ ತೊಳೆದು ಒಣಗಿಸದಿದ್ದರೆ ನಡುವೆ ರಕ್ತ ಸೇರಿ ಹಿಡಿತ ಸಡಿಲ. ಇನ್ನು ನಮ್ಮ ಏಪ್ರಿಲ್ ಸೆಕೆಯಲ್ಲಿ ಆಪರೇಷನ್ ಥಿಯೇಟರ್ ಎ.ಸಿ. ಕೈಕೊಟ್ಟರೆ ಸಿಮೆಂಟ್ ಬೇಗ ಸೆಟ್ ಆಗುತ್ತದೆ. ಸ್ಟೆಮ್ ಅರ್ಧಕ್ಕೇ ನಿಂತರೆ ಕಾಲು ಉದ್ದವಾಯಿತು ಅಂತಲೇ ಲೆಕ್ಕ.

ಇದರಲ್ಲಿ ನುಣುಪಾದ, ಕೆಳಗೆ ಸಪೂರವಾಗುತ್ತ ಹೋಗುವ ಸ್ಟೆಮ್ ಒಂದಿದೆ. ಕೊಡಲಿ ಕಾವಿಗೆ ಹೊಡೆದ ಬೆಣೆಯಂತೆ ಅದು ಭಾರ ಬಿದ್ದಷ್ಟೂ ಬಿಗಿಯಾಗುತ್ತದೆ. ಮೊದಲೆರಡು ವರ್ಷದ ಎಕ್ಸ್‌ರೇಯಲ್ಲಿ ಒಂದು ಮಿ.ಮೀ.ನಷ್ಟು ಇಳಿದಿದ್ದರೆ ಗಾಬರಿ ಬೇಡ, ಅದರ ವಿನ್ಯಾಸವೇ ಹಾಗೆ.

ಸಿಮೆಂಟ್ ಇಲ್ಲದ್ದು ಸಾಮಾನ್ಯವಾಗಿ ಟೈಟಾನಿಯಂ, ಮೈ ಒರಟು. ಮೂಳೆ ಅದರೊಳಗೆ ಬೆಳೆದು ಹಿಡಿಯಬೇಕು. ಹೆಜ್ಜೆಹೆಜ್ಜೆಗೂ ಸುಮಾರು 150 ಮೈಕ್ರಾನ್‌ಗಿಂತ (0.15 ಮಿ.ಮೀ.) ಹೆಚ್ಚು ಅಲುಗಿದರೆ ಮೂಳೆಯ ಬದಲು ನಾರು ಬೆಳೆಯುತ್ತದೆ, ತೊಡೆನೋವು ಶುರು. ಅದಕ್ಕೇ ಬಿಗಿಯಾಗಿ ಹೊಡೆದು ಕೂರಿಸುವುದು. ಕೊನೆಯ ಏಟುಗಳಲ್ಲಿ ಸುತ್ತಿಗೆಯ ಸದ್ದು ಬದಲಾಗುತ್ತದೆ. ಅದನ್ನು ಕಿವಿಗೆ ಹಾಕಿಕೊಳ್ಳದೆ ಇನ್ನೆರಡು ಕೊಟ್ಟರೆ ಮೂಳೆ ಸೀಳು. ಎಪ್ಪತ್ತು ದಾಟಿದ ಅಜ್ಜಿಯ ಅಗಲ ಕೊಳವೆಯಂಥ, ತೆಳು ಗೋಡೆಯ ಮೂಳೆಗೆ ನನ್ನ ಆಯ್ಕೆ ಸಿಮೆಂಟೇ. ರಕ್ತ ಓಡಾಟ ನಿಂತು ತೊಡೆಮೂಳೆಯ ಚೆಂಡು ಕುಸಿದ ಮೂವತ್ತೈದರ ಯುವಕನಿಗೆ ಸಿಮೆಂಟ್ ಬೇಡ.

ಇನ್ನು ಉಜ್ಜುವ ಮೈ. ಇಂಗ್ಲೆಂಡಿನ ಸರ್ಜನ್ ಜಾನ್ ಚಾರ್ನ್ಲಿ ಮೊದಲು ಟೆಫ್ಲಾನ್ ಕಪ್ಪು ಹಾಕಿ ಸೋತರು. 1962ರಲ್ಲಿ ಪಾಲಿಎಥಿಲೀನ್ ಪ್ಲಾಸ್ಟಿಕ್‌ಗೆ ಬಂದರು, ಹೆಡ್ ಸುಮಾರು 22 ಮಿ.ಮೀ. ಸವೆದ ಪ್ಲಾಸ್ಟಿಕ್ ಪುಡಿ ಮೂಳೆಯನ್ನೇ ತಿನ್ನಿಸುತ್ತದೆ. ಕ್ರಾಸ್‌ಲಿಂಕ್ ಮಾಡಿದ, ಅಂದರೆ ಅಣುಸರಪಳಿಗಳನ್ನು ಒಂದಕ್ಕೊಂದು ಬೆಸೆದ ಈಗಿನ ಪಾಲಿಎಥಿಲೀನ್ ಈ ಸವೆತವನ್ನು ಬಹಳ ತಗ್ಗಿಸಿದೆ. ಲೋಹದ ಮೇಲೆ ಲೋಹ ಉಜ್ಜುವ ಒಂದು ಹೆಸರಾಂತ ಮಾದರಿಯನ್ನು 2010ರಲ್ಲಿ ಜಗತ್ತಿನೆಲ್ಲೆಡೆ ವಾಪಸ್ ಪಡೆದರು. ಕೋಬಾಲ್ಟ್, ಕ್ರೋಮಿಯಂ ರಕ್ತಕ್ಕೆ ಸೇರುತ್ತಿತ್ತು. ಸಿರಾಮಿಕ್ ಸವೆಯುವುದು ಅತಿ ಕಡಿಮೆ, ಒಡೆಯುವುದು ಅಪರೂಪ. ಒಡೆದರೆ ಮಾತ್ರ ಮತ್ತೆ ಲೋಹದ ಹೆಡ್ ಹಾಕಬಾರದು, ಉಳಿದ ಚೂರುಗಳು ಅರದಂತೆ ಕೊರೆಯುತ್ತವೆ.

ದೊಡ್ಡ ಹೆಡ್ ಸುಲಭಕ್ಕೆ ಜಾರದು, ಆದರೆ ಸಣ್ಣ ಕಪ್ಪಿನಲ್ಲಿ ಲೈನರ್ ತೆಳುವಾಗುತ್ತದೆ. ಕಪ್ಪೇ ಓರೆಯಾಗಿ ಕೂತಿದ್ದರೆ ಯಾವ ಹೆಡ್ಡೂ ಕಾಯುವುದಿಲ್ಲ.

ಡಿಸ್ಚಾರ್ಜ್ ದಿನ ಇಂಪ್ಲಾಂಟ್ ಡಬ್ಬಿಯ ಸ್ಟಿಕರ್‌ಗಳನ್ನು ಫೈಲಿಗೆ ಅಂಟಿಸಿಸಿಕೊಳ್ಳಿ. ಹದಿನೈದು ವರ್ಷದ ಮೇಲೆ ಹೆಡ್ ಒಂದನ್ನೇ ಬದಲಿಸಬೇಕಾದರೆ ಹಳೇ ಸ್ಟೆಮ್ಮಿನ ಕುತ್ತಿಗೆಗೆ ಕೂರುವಂಥದ್ದೇ ಬೇಕು. ಕುತ್ತಿಗೆಯ ಅಳತೆ ಅಂತ ಎರಡರ ಮೇಲೂ 12/14 ಬರೆದಿದ್ದರೂ ನಿಜವಾದ ಅಳತೆ ಒಂದೇ ಇರುತ್ತದೆ ಅಂತೇನಿಲ್ಲ. ಕಂಪನಿ ಹೆಸರು ನಿಜಕ್ಕೂ ಬೇಕಾಗುವುದು ಆವಾಗ.