ವಿಲಕ್ಷಣ ಎಂಬ ಒಂದೇ ಪದದಲ್ಲಿ ಮುಗಿಸಿಬಿಟ್ಟ ಮನುಷ್ಯ

ನಮಸ್ಕಾರ. 1983ರಲ್ಲಿ ನ್ಯೂಯಾರ್ಕಿನ ಕೆಲವರ ಮನೆಗೆ ಒಂದು ವಿಚಿತ್ರ ಆಹ್ವಾನ ಬಂತು. ಕಾಗದವಲ್ಲ, ಕಾರ್ಡಲ್ಲ, ಒಂದು ಮಾತ್ರೆ. ಅದನ್ನು ಬಿಸಿನೀರಿನಲ್ಲಿ ಹಾಕಬೇಕು. ಮೇಲಿನ ಕವಚ ಕರಗುತ್ತದೆ, ಒಳಗೆ ಮಡಚಿಟ್ಟ ಅಕ್ಷರಗಳು ನಿಧಾನವಾಗಿ ಬಿಚ್ಚಿಕೊಳ್ಳುತ್ತವೆ. ಹಡ್ಸನ್ ಬೀದಿಯಲ್ಲಿ ಏರಿಯಾ ಎಂಬ ನೈಟ್‌ಕ್ಲಬ್ ಬಾಗಿಲು ತೆರೆಯುತ್ತಿದೆ, ಬನ್ನಿ ಎಂಬ ಕರೆ ಅದು.

ಆ ಮಾತ್ರೆ ನನ್ನ ತಲೆಯಿಂದ ಹೋಗುವುದೇ ಇಲ್ಲ. ಓದಬೇಕೆಂದರೆ ಅದನ್ನು ಕರಗಿಸಲೇಬೇಕು. ಉಳಿಸಿಕೊಳ್ಳಬೇಕೆಂದರೆ ಓದುವ ಆಸೆಯನ್ನೇ ಬಿಡಬೇಕು. ಬಂದವರಲ್ಲಿ ಬಹುಪಾಲು ಜನ ಕರಗಿಸಿದರು, ಓದಿದರು, ಹೋಗಿ ಕುಣಿದರು. ಅದು ಸಹಜ. ಆದರೆ ಅಂಥ ವಸ್ತುವನ್ನು ಕೈಯಲ್ಲಿ ಹಿಡಿದು ಒಂದು ಕ್ಷಣ ತಡೆದು ನಿಂತು, ಇದನ್ನು ಇಟ್ಟುಕೊಳ್ಳಬೇಕು ಎನ್ನುವವರೂ ಇರುತ್ತಾರೆ. ನಾನು ಇವತ್ತು ಮಾತನಾಡುತ್ತಿರುವುದು ಆ ಜಾತಿಯ ಮನುಷ್ಯನೊಬ್ಬನ ಬಗ್ಗೆ.

ಹೆಸರು ಬೇರ್ಡ್ ಜೋನ್ಸ್. 1980ರ ದಶಕದಲ್ಲಿ ಸ್ಟುಡಿಯೋ 54 ಮುಂತಾದ ಕ್ಲಬ್‌ಗಳಿಗೆ ಜನರನ್ನು ಕರೆತರುತ್ತಿದ್ದ ಪ್ರಮೋಟರ್. ಆಮೇಲೆ ವೆಬ್‌ಸ್ಟರ್ ಹಾಲ್ ಎಂಬ ಕ್ಲಬ್‌ನಲ್ಲಿ ಕಲಾ ಪ್ರದರ್ಶನಗಳ ಹೊಣೆ ಹೊತ್ತವರು. ಪತ್ರಿಕೆಗಳ ಗಾಸಿಪ್ ಅಂಕಣಗಳಿಗೆ ಸುದ್ದಿ ಒದಗಿಸುತ್ತಿದ್ದವರು. ಕಲಾಕೃತಿಗಳ ಸಂಗ್ರಾಹಕರು, ಅದರಲ್ಲೂ ಪ್ರಸಿದ್ಧ ವ್ಯಕ್ತಿಗಳು ತಮ್ಮ ಕೈಯಾರೆ ಬರೆದ ಚಿತ್ರಗಳ ಬೆನ್ನು ಹತ್ತಿದವರು. 2008ರ ಫೆಬ್ರುವರಿಯಲ್ಲಿ ತೀರಿಕೊಂಡರು. ಅವರ ಮಾತು ಬಂದಾಗಲೆಲ್ಲ ‘ವಿಲಕ್ಷಣ ವ್ಯಕ್ತಿ’ ಎಂಬ ಪದ ಬೆನ್ನಿಗಂಟಿಕೊಂಡೇ ಬರುತ್ತದೆ. ನನ್ನ ತಕರಾರು ಇರುವುದು ಆ ಪದದ ಮೇಲೆ. ಒಬ್ಬನನ್ನು ವಿಲಕ್ಷಣ ಎಂದುಬಿಟ್ಟರೆ ಅವನು ಮಾಡಿದ ಕೆಲಸ ಏನೆಂದು ಕೇಳುವ ಅಗತ್ಯವೇ ಬೀಳುವುದಿಲ್ಲ. ನಾನು ಆ ಕೆಲಸದ ಬಗ್ಗೆ ಕೇಳಬೇಕು ಎನ್ನುತ್ತಿದ್ದೇನೆ.

ಮೊದಲು ಪ್ರಮೋಟರ್ ಎಂದರೆ ಯಾರು? ಕ್ಲಬ್ಬಿನ ಮಾಲೀಕನಲ್ಲ. ಸಂಗೀತ ನುಡಿಸುವವನೂ ಅಲ್ಲ. ಖಾಲಿ ಕೋಣೆಯನ್ನು ತುಂಬಿಸುವವನು. ಅವನ ಬಂಡವಾಳ ಒಂದು ಪಟ್ಟಿ: ಹೆಸರುಗಳು, ವಿಳಾಸಗಳು. ಆ ಕಾಲದಲ್ಲಿ ಮೊಬೈಲ್ ಇಲ್ಲ, ಇಮೇಲ್ ಇಲ್ಲ. ಕಾರ್ಡು ಅಚ್ಚು ಹಾಕಿಸಬೇಕು, ಲಕೋಟೆಗೆ ತುಂಬಬೇಕು, ಅಂಚೆಚೀಟಿ ಅಂಟಿಸಬೇಕು. ಇಷ್ಟು ಗಂಟೆಯೊಳಗೆ ಬಂದರೆ ಪ್ರವೇಶ ಉಚಿತ, ಇಷ್ಟು ಗಂಟೆಯವರೆಗೆ ಪಾನೀಯ ಉಚಿತ ಎಂದು ಬರೆಯಬೇಕು, ಏಕೆಂದರೆ ರಾತ್ರಿ ಹತ್ತು ಗಂಟೆಗೆ ಖಾಲಿ ನೆಲಕ್ಕಿಂತ ಭೀಕರವಾದದ್ದು ಕ್ಲಬ್ಬಿಗೆ ಇನ್ನೊಂದಿಲ್ಲ. ಮೊದಲು ಬಂದ ನೂರು ಜನರನ್ನು ನೋಡಿ ತಾನೇ ಮುಂದಿನ ಸಾವಿರ ಜನ ಒಳಗೆ ಕಾಲಿಡುವುದು! ಯಾರ ಪಕ್ಕದಲ್ಲಿ ಯಾರು ನಿಂತರೆ ಮಾತು ಹುಟ್ಟುತ್ತದೆ, ಯಾರನ್ನು ಕರೆದರೆ ಯಾರು ತಾವಾಗಿ ಬರುತ್ತಾರೆ ಎಂದು ಊಹಿಸುವುದು ಒಂದು ವಿದ್ಯೆ. ಮದುವೆ ಮನೆಯಲ್ಲಿ ಎಲ್ಲರನ್ನೂ ಬಲ್ಲ ಒಬ್ಬ ಹಿರಿಯರು ಓಡಾಡುತ್ತಾರಲ್ಲ, ಆ ವಿದ್ಯೆಯನ್ನು ವಾರಕ್ಕೆ ಹಲವು ರಾತ್ರಿ, ಅಪರಿಚಿತರ ನಡುವೆ ಮಾಡುವುದು.

ಸ್ಟುಡಿಯೋ 54ರ ಕಥೆಯನ್ನು ಎಲ್ಲರೂ ಜನರನ್ನು ತಡೆಯಲು ಅದರ ಬಾಗಿಲಿಗೆ ಕಟ್ಟಿದ ಹಗ್ಗದಿಂದಲೇ ಶುರುಮಾಡುತ್ತಾರೆ. 1977ರ ಏಪ್ರಿಲ್ 26ರಂದು ಸ್ಟೀವ್ ರುಬೆಲ್ ಮತ್ತು ಇಯಾನ್ ಶ್ರೇಗರ್ ಅದನ್ನು ತೆರೆದರು. ಅದಕ್ಕೂ ಮೊದಲು ಅದು ಆಪೆರಾ ರಂಗಮಂದಿರವಾಗಿತ್ತು, ಟಿವಿ ಸ್ಟುಡಿಯೋ ಆಗಿತ್ತು. ನೀನು ಬಾ, ನೀನು ಬೇಡ ಎಂದು ಬೀದಿಯಲ್ಲಿ ನಿಂತವರನ್ನು ಬೆರಳು ತೋರಿಸಿ ಆರಿಸುತ್ತಿದ್ದ ಆ ಪದ್ಧತಿ ನನಗೆ ಎಂದೂ ಸಹ್ಯವಾಗಿಲ್ಲ. ಅದನ್ನು ವೈಭವವೆಂದು ಬರೆಯುವವರ ಮಾತು ಓದಿದರೆ ಸಿಟ್ಟು ಬರುತ್ತದೆ. ಅದು ಅವಮಾನ, ಅಷ್ಟೇ. ತೆರಿಗೆ ವಂಚನೆಗಾಗಿ ಇಬ್ಬರೂ 1980ರಲ್ಲಿ ಜೈಲಿಗೆ ಹೋದರು. 1981ರಲ್ಲಿ ಮಾರ್ಕ್ ಫ್ಲೈಶ್‌ಮನ್ ಕ್ಲಬ್ಬನ್ನು ಮತ್ತೆ ತೆರೆದಾಗ ಕಾಲ ಬದಲಾಗಿತ್ತು. ಹೊರಗೆ ನಿಲ್ಲಿಸುವವನಿಗಿಂತ ಒಳಗೆ ಕರೆಯುವವನು ಬೇಕಾಗಿದ್ದ. ಜೋನ್ಸ್ ಅವರಂಥವರು ಕಾಣಿಸಿಕೊಳ್ಳುವುದು ಇಲ್ಲಿ. ಹಗ್ಗದ ಜಾಗಕ್ಕೆ ಕಾರ್ಡು ಬಂತು. ಕಾರ್ಡು ಕಳುಹಿಸುವುದರ ಹಿಂದೆ ವ್ಯಾಪಾರದ ಲೆಕ್ಕಾಚಾರ ಇದ್ದೇ ಇತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೂ ಬಾಗಿಲಲ್ಲಿ ತಡೆಯುವ ಕೈಗೂ ಮನೆಗೆ ಬಂದು ಕರೆಯುವ ಕಾಗದಕ್ಕೂ ಅಜಗಜಾಂತರವಿದೆ.

ಇನ್ನು ಕಲೆಯ ಮಾತು. ನೈಟ್‌ಕ್ಲಬ್ಬಿಗೂ ಕಲಾಸಂಗ್ರಹಕ್ಕೂ ಏನು ಸಂಬಂಧ ಎಂದು ಕೇಳಬಹುದು. ಆ ಊರಿನಲ್ಲಿ, ಆ ಹತ್ತು ವರ್ಷಗಳಲ್ಲಿ ಎರಡೂ ಬೇರೆ ಇರಲಿಲ್ಲ. ವೈಟ್ ಬೀದಿಯ ಮಡ್ ಕ್ಲಬ್‌ನ ನಾಲ್ಕನೆಯ ಮಹಡಿಯಲ್ಲಿ ಗ್ಯಾಲರಿ ಇತ್ತು, ಅದನ್ನು ನೋಡಿಕೊಳ್ಳುತ್ತಿದ್ದವರು ಆಗಿನ್ನೂ ಎಳೆಯ ಚಿತ್ರಕಾರ ಕೀತ್ ಹ್ಯಾರಿಂಗ್. ಗ್ರೇಸಿ ಮ್ಯಾನ್ಶನ್ ಎಂಬ ಹೆಸರಿನ ಮಹಿಳೆ ಈಸ್ಟ್ ವಿಲೇಜ್‌ನಲ್ಲಿ ತಮ್ಮ ಬಚ್ಚಲುಮನೆಯಲ್ಲೇ ಪ್ರದರ್ಶನ ಏರ್ಪಡಿಸಿದ್ದು 1982ರಲ್ಲಿ. ಏರಿಯಾ ಕ್ಲಬ್ ಸುಮಾರು ಆರು ವಾರಕ್ಕೊಮ್ಮೆ ತನ್ನ ಒಳಾಂಗಣವನ್ನೆಲ್ಲ ಕಿತ್ತು ಹೊಸ ವಿಷಯವೊಂದನ್ನು ಕಟ್ಟುತ್ತಿತ್ತು. 1985ರಲ್ಲಿ ಅಲ್ಲಿ ಕಲೆಯೇ ವಿಷಯವಾದಾಗ ಹೆಸರಾಂತ ಕಲಾವಿದ ಆಂಡಿ ವಾರ್ಹೋಲ್ ಒಂದು ಖಾಲಿ ಪೀಠದ ಪಕ್ಕ ನಿಂತರು. ಅವರು ನಿಂತು ಹೋದ ಮೇಲೆ ಉಳಿದದ್ದೇ ‘ಅದೃಶ್ಯ ಶಿಲ್ಪ’.

ಅದೇ 1985ರ ಮೇ ತಿಂಗಳಲ್ಲಿ ರುಬೆಲ್ ಮತ್ತು ಶ್ರೇಗರ್ 14ನೇ ಬೀದಿಯಲ್ಲಿ ಪಲ್ಲಾಡಿಯಂ ತೆರೆದರು. ವಿನ್ಯಾಸ ಜಪಾನಿನ ವಾಸ್ತುಶಿಲ್ಪಿ ಅರಾಟಾ ಇಸೊಝಾಕಿ ಅವರದು. ನೃತ್ಯದ ನೆಲದ ಮೇಲೆ ಹ್ಯಾರಿಂಗ್ ಬರೆದ ದೊಡ್ಡ ಪರದೆ, ಬಾರಿನಲ್ಲಿ ಬಾಸ್ಕಿಯಾ ಬರೆದ ಚಿತ್ರಗಳು, ನೆಲಮಾಳಿಗೆಯಲ್ಲಿ ಕೆನ್ನಿ ಶಾರ್ಫ್, ಚಾವಣಿಯಲ್ಲಿ ಫ್ರಾನ್ಸೆಸ್ಕೊ ಕ್ಲೆಮೆಂಟೆ. ಬೆವರು, ಹೊಗೆ, ಚೆಲ್ಲಿದ ಮದ್ಯ, ಅದರ ನಡುವೆ ಇವು. ಆ ಕಟ್ಟಡ ಈಗಿಲ್ಲ. ಕೆಡವಿ ನ್ಯೂಯಾರ್ಕ್ ವಿಶ್ವವಿದ್ಯಾಲಯ ವಿದ್ಯಾರ್ಥಿ ನಿಲಯ ಕಟ್ಟಿತು, ಹೆಸರು ಮಾತ್ರ ಪಲ್ಲಾಡಿಯಂ ಎಂದೇ ಉಳಿಯಿತು. ಚಾವಣಿಗೆ ಬರೆದ ಚಿತ್ರವನ್ನು ಕೆಳಗಿಳಿಸಿ ಕಂಕುಳಲ್ಲಿ ಇಟ್ಟುಕೊಂಡು ಹೋಗಲಾಗುತ್ತದೆಯೇ? ಬಾಸ್ಕಿಯಾ ಅವರ ಒಂದು ತಲೆಬುರುಡೆಯ ಚಿತ್ರ 2017ರಲ್ಲಿ ಸಾಥಬೀಸ್ ಹರಾಜಿನಲ್ಲಿ 11 ಕೋಟಿ ಡಾಲರಿಗೂ ಮೀರಿದ ಬೆಲೆಗೆ ಹೋಯಿತು. ಅವರನ್ನು ಬರೆಯಲು ಕರೆದು, ಅವರ ಚಿತ್ರಗಳ ಮುಂದೆ ಜನರನ್ನು ತಂದು ನಿಲ್ಲಿಸಿದ ಕೋಣೆಗಳಿಗೆ ಬೆಲೆ ಕಟ್ಟಿದವರು ಯಾರು?

ಇಂಥ ಗಾಳಿಯಲ್ಲಿ ಬೆಳೆದ ಪ್ರಮೋಟರ್ ಸಂಗ್ರಾಹಕನಾಗುವುದರಲ್ಲಿ ವಿಚಿತ್ರವೇನೂ ಇಲ್ಲ. ಜೋನ್ಸ್ ಚಿತ್ರಕಾರ ಮಾರ್ಕ್ ಕೊಸ್ಟಾಬಿ ಅವರ ಆರಂಭದ ದಿನಗಳ ಕುರಿತು ಪುಸ್ತಕವನ್ನೇ ಬರೆದರು. ಮುಖವಿಲ್ಲದ ಆಕೃತಿಗಳನ್ನು ಬರೆಯುವ ಕೊಸ್ಟಾಬಿ 1988ರಲ್ಲಿ ಸಹಾಯಕರನ್ನು ಇಟ್ಟುಕೊಂಡು ಚಿತ್ರದ ಕಾರ್ಖಾನೆಯನ್ನೇ ತೆರೆದವರು. ವಿಮರ್ಶಕರು ಮೂಗು ಮುರಿದರು. ಜೋನ್ಸ್ ಮೂಗು ಮುರಿಯುವ ಪೈಕಿ ಅಲ್ಲ, ದಾಖಲಿಸುವ ಪೈಕಿ.

ಪ್ರಸಿದ್ಧರು ಬಿಡುವಿನಲ್ಲಿ ಬರೆದ ಚಿತ್ರಗಳ ಬಗ್ಗೆ ನೇರವಾಗಿ ಹೇಳುತ್ತೇನೆ: ಅಂಥವುಗಳಲ್ಲಿ ಹೆಚ್ಚಿನವು ಒಳ್ಳೆಯ ಚಿತ್ರಗಳಲ್ಲ. ನಟನ ಕೈಯಲ್ಲಿ ಕುಂಚ ಸಿಕ್ಕ ಮಾತ್ರಕ್ಕೆ ಬಣ್ಣ ಅವನ ಮಾತು ಕೇಳುವುದಿಲ್ಲ. ಆದರೂ ನನಗೆ ಆ ಸಂಗ್ರಹದ ಹಟ ಇಷ್ಟ. ಲಕ್ಷಾಂತರ ಜನ ನೋಡುವ ಒಂದು ಮುಖ, ಯಾರೂ ನೋಡದಿರುವಾಗ, ಸರಿಯಾಗಿ ಬಾರದ ಕೆಲಸವೊಂದನ್ನು ಮಾಡಲು ಕೂತಿರುತ್ತದೆ. ಕೈ ತಪ್ಪುತ್ತದೆ, ಕಿವಿ ದೊಡ್ಡದಾಗುತ್ತದೆ, ಬೆರಳುಗಳು ಲೆಕ್ಕಕ್ಕೆ ಸಿಗುವುದಿಲ್ಲ. ಛಾಯಾಗ್ರಾಹಕನ ಎದುರು ಎಂದೂ ತಪ್ಪು ಮಾಡದವರು ಇಲ್ಲಿ ತಪ್ಪು ಮಾಡಿರುತ್ತಾರೆ. ಗಾಸಿಪ್ ಅಂಕಣಕ್ಕೆ ಒಂದು ಸಾಲು ಹೆಕ್ಕಲು ಪ್ರತಿರಾತ್ರಿ ಆ ಮುಖಗಳ ನಡುವೆ ಓಡಾಡಿದ ವ್ಯಕ್ತಿಗೆ ಆ ತಪ್ಪು ಗೆರೆಯ ಬೆಲೆ ಗೊತ್ತಿತ್ತು ಎಂದೇ ನಾನು ನಂಬುತ್ತೇನೆ. ಗಾಸಿಪ್ ಬರೆಯುವ ವೃತ್ತಿಯನ್ನು ನಾನು ಸಮರ್ಥಿಸುವುದಿಲ್ಲ. ಅದು ಗಾಯ ಮಾಡುತ್ತದೆ. ಆ ಚಿತ್ರಗಳು ಮಾಡುವುದಿಲ್ಲ.

ಅದೇ ಊರಿನಲ್ಲಿ ಹರ್ಬರ್ಟ್ ಮತ್ತು ಡೊರೊಥಿ ವೋಗೆಲ್ ಎಂಬ ದಂಪತಿ ಇದ್ದರು. ಹರ್ಬರ್ಟ್ ಅಂಚೆ ಇಲಾಖೆಯ ಗುಮಾಸ್ತರು, ಡೊರೊಥಿ ಗ್ರಂಥಪಾಲಕಿ. ಹೆಂಡತಿಯ ಸಂಬಳದಲ್ಲಿ ಸಂಸಾರ, ಗಂಡನ ಸಂಬಳದಲ್ಲಿ ಕಲಾಕೃತಿ. ಒಂದೇ ಮಲಗುವ ಕೋಣೆಯ ಮನೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೃತಿಗಳು ಸೇರಿದವು. 1992ರಲ್ಲಿ ವಾಷಿಂಗ್ಟನ್‌ನ ರಾಷ್ಟ್ರೀಯ ಗ್ಯಾಲರಿ ಆ ಸಂಗ್ರಹಕ್ಕೆ ಬಾಗಿಲು ತೆರೆಯಿತು. ಅವರನ್ನು ಲೋಕ ಕೊಂಡಾಡಿತು, ಕೊಂಡಾಡಬೇಕಾದದ್ದೇ. ನಾನು ಕೇಳುವುದು ಇಷ್ಟೇ: ಗುಮಾಸ್ತನ ಹುಚ್ಚಿಗೆ ಪ್ರೀತಿ ಎಂದು ಹೆಸರಿಟ್ಟವರು ಪ್ರಮೋಟರನ ಹುಚ್ಚಿಗೆ ಮಾತ್ರ ವಿಲಕ್ಷಣತೆ ಎಂದು ಏಕೆ ಹೆಸರಿಟ್ಟರು? ರಾತ್ರಿ ದುಡಿಯುವವನ ಗಂಭೀರತೆಯನ್ನು ನಂಬಲು ಹಗಲಿನವರಿಗೆ ಎಂದೂ ಮನಸ್ಸು ಬರುವುದಿಲ್ಲ.

ವೆಬ್‌ಸ್ಟರ್ ಹಾಲ್ ಕಟ್ಟಿದ್ದು 1886ರಲ್ಲಿ, ಪೂರ್ವ 11ನೇ ಬೀದಿಯಲ್ಲಿ. ಕಾರ್ಮಿಕರ ಸಭೆಗಳು ಅಲ್ಲಿ ನಡೆದವು. ವೇಷ ತೊಟ್ಟು ಕುಣಿಯುವ ಕೂಟಗಳು ನಡೆದವು. 1950ರ ದಶಕದಲ್ಲಿ ಧ್ವನಿಮುದ್ರಣಗಳು ನಡೆದವು. 1992ರಲ್ಲಿ ಅದು ಮತ್ತೆ ಹಳೆಯ ಹೆಸರಿನಲ್ಲೇ ಕ್ಲಬ್ ಆಯಿತು. ಜೋನ್ಸ್ ಚಿತ್ರಗಳನ್ನು ತೂಗುಹಾಕಿದ ಗೋಡೆಗಳು ಅವೇ. ಅವರು ತೀರಿಕೊಂಡ 2008ರಲ್ಲೇ ನ್ಯೂಯಾರ್ಕ್ ನಗರ ಆ ಕಟ್ಟಡವನ್ನು ಸಂರಕ್ಷಿತ ಸ್ಮಾರಕವೆಂದು ಘೋಷಿಸಿತು. ನನಗೆ ಅದರಿಂದ ನಿಜವಾಗಿಯೂ ಸಂತೋಷ. ಇಟ್ಟಿಗೆ ಉಳಿಯಲಿ. ಆದರೆ ಕೋಣೆಗೆ ಜೀವ ತುಂಬಿದ ಕಾರ್ಡು, ಪಟ್ಟಿ, ಗೋಡೆಗೆ ಹೊಡೆದ ಮೊಳೆ, ಅದನ್ನು ಹೊಡೆದವನ ಹೆಸರು ಯಾವ ಘೋಷಣೆಯ ವ್ಯಾಪ್ತಿಗೂ ಬರುವುದಿಲ್ಲ.

2017ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಕ್ಲಬ್ 57 ಎಂಬ ಪುಟ್ಟ ಕ್ಲಬ್ಬಿನ ಬಗ್ಗೆ ದೊಡ್ಡ ಪ್ರದರ್ಶನ ಏರ್ಪಡಿಸಿತು. ಅದು ಒಂದು ಚರ್ಚಿನ ನೆಲಮಾಳಿಗೆಯಲ್ಲಿ 1978ರಿಂದ 1983ರವರೆಗೆ ನಡೆದ ಕ್ಲಬ್. ನೆರಳಚ್ಚಿನ ಯಂತ್ರದಲ್ಲಿ ತೆಗೆದ ಕರಪತ್ರಗಳು, ಬಿಸಾಡಲೆಂದೇ ಅಚ್ಚಾದ ಕಾಗದಗಳು ಕಲಾಕೃತಿಗಳ ಸಾಲಿಗೆ ಸೇರಿದವು. ಇಂಥ ಕಾಗದ ಸಂಗ್ರಹಾಲಯಕ್ಕೆ ತಾನಾಗಿ ನಡೆದು ಬರುವುದಿಲ್ಲ. ಮೂವತ್ತೈದು ವರ್ಷ ಯಾರದೋ ಮಂಚದ ಕೆಳಗೆ, ಯಾರದೋ ಪೆಟ್ಟಿಗೆಯಲ್ಲಿ ಇದ್ದಿರುತ್ತದೆ. ಮನೆ ಬದಲಿಸುವಾಗ ಯಾರೋ ಅದನ್ನು ಎಸೆಯದೆ ಹೊತ್ತುಕೊಂಡು ಹೋಗಿರುತ್ತಾರೆ. ಯಾವುದೇ ಪ್ರದರ್ಶನದಲ್ಲಿ ಚಿತ್ರದ ಕೆಳಗೆ ಒಂದು ಸಣ್ಣ ಚೀಟಿ ಇರುತ್ತದಲ್ಲ, ಕಲಾವಿದನ ಹೆಸರು, ವರ್ಷ, ಅಳತೆ, ಕೊನೆಯಲ್ಲಿ ಇನ್ನೂ ಸಣ್ಣ ಅಕ್ಷರದಲ್ಲಿ ಇಂಥವರ ಸಂಗ್ರಹದಿಂದ ಎಂದು. ನಾನು ಆ ಕೊನೆಯ ಸಾಲನ್ನು ಮೊದಲು ಓದುತ್ತೇನೆ.