ಕರಗದ ಹರಳು, ಹರಿಯುವ ಪ್ರೋಟಾನು

ಕೇಳುಗರಿಗೆ ನಮಸ್ಕಾರ.

ಅಡುಗೆ ಉಪ್ಪಿನ ಹರಳಿನಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಅದನ್ನು ನೀರಿಗೆ ಹಾಕಿದಾಗ, ಇಲ್ಲವೇ 801 ಡಿಗ್ರಿಗೆ ಕಾಯಿಸಿ ಕರಗಿಸಿದಾಗ ಹರಿಯುತ್ತದೆ. ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಕಣಗಳು, ಓಡಾಡಬೇಕಾದರೆ ಘನವಸ್ತು ದ್ರವವಾಗಬೇಕು ಎಂದು ನಾವೆಲ್ಲ ಶಾಲೆಯಲ್ಲಿ ಕಲಿತದ್ದು ಇದನ್ನೇ. ಈ ಮಾತಿಗೆ ಬಗ್ಗದ ಹರಳುಗಳಲ್ಲಿ ಸಿಲ್ವರ್ ಅಯೊಡೈಡ್ ಹೆಸರುವಾಸಿಯಾದದ್ದು. 147 ಡಿಗ್ರಿ ಸೆಲ್ಸಿಯಸ್ ದಾಟಿದೊಡನೆ ಅದರೊಳಗಿನ ಬೆಳ್ಳಿಯ ಅಯಾನುಗಳು ದ್ರವದಲ್ಲಿರುವಂತೆ ಸಂಚರಿಸತೊಡಗುತ್ತವೆ. ಅಯೊಡೈಡ್‌ನ ಚೌಕಟ್ಟು ಮಾತ್ರ ಘನವಾಗಿಯೇ ನಿಂತಿರುತ್ತದೆ. ಟುಬಾಂಡ್ಟ್ ಮತ್ತು ಲೊರೆಂಜ್ ಎಂಬ ವಿಜ್ಞಾನಿಗಳು 1914ರಲ್ಲಿಯೇ ಇದನ್ನು ವರದಿ ಮಾಡಿದ್ದರು. ಹೀಗೆ ಹರಳಿನ ಒಳರಚನೆ ಬದಲಾಗಿ ವಾಹಕತೆ ಒಮ್ಮೆಲೇ ಜಿಗಿಯುವುದನ್ನು ಅತಿ-ಅಯಾನಿಕ ಪ್ರಾವಸ್ಥಾ ಪರಿವರ್ತನೆ ಎನ್ನುತ್ತಾರೆ.

ನಾನು ಇಂದು ಹೇಳಹೊರಟಿರುವುದು ಬೆಳ್ಳಿಯ ಮಾತಲ್ಲ, ಜಲಜನಕ ಪರಮಾಣುವಿನ ತಿರುಳಾದ ಪ್ರೋಟಾನಿನ ಮಾತು. 1982ರಲ್ಲಿ ಮಾಸ್ಕೋದ ಸ್ಫಟಿಕ ವಿಜ್ಞಾನ ಸಂಸ್ಥೆಯ ಬರಾನೊವ್, ಶುವಲೊವ್ ಮತ್ತು ಶ್ಚಾಗಿನಾ ಅವರು ಸೀಸಿಯಂ ಹೈಡ್ರೋಜನ್ ಸಲ್ಫೇಟ್ ಎಂಬ ಲವಣವನ್ನು ಕಾಯಿಸುತ್ತ ಅದರ ವಾಹಕತೆಯನ್ನು ಅಳೆದರು. ಸುಮಾರು 141 ಡಿಗ್ರಿಯಲ್ಲಿ ಅದು ಸಾವಿರ ಪಟ್ಟಿಗೂ ಮಿಕ್ಕಿ ಏರಿತು. ಲವಣ ಕರಗುವುದು 200 ಡಿಗ್ರಿಯ ಆಚೆಗೆ. ಆದ್ದರಿಂದ ಕರಗಿದ್ದರಿಂದ ಹೀಗಾಯಿತು ಎನ್ನುವಂತಿರಲಿಲ್ಲ.

ಈ ಲವಣದಲ್ಲಿ ಗಂಧಕದ ಒಂದು ಪರಮಾಣುವಿನ ಸುತ್ತ ನಾಲ್ಕು ಆಮ್ಲಜನಕಗಳು ಕುಳಿತ ಸಲ್ಫೇಟ್ ಗುಂಪುಗಳಿವೆ. ಪ್ರತಿಯೊಂದೂ ಒಂದು ಪುಟ್ಟ ಚತುಷ್ಫಲಕ. ಒಂದರ ಆಮ್ಲಜನಕಕ್ಕೂ ಪಕ್ಕದ್ದರ ಆಮ್ಲಜನಕಕ್ಕೂ ನಡುವೆ ಪ್ರೋಟಾನು ಕುಳಿತು ಜಲಜನಕ ಬಂಧವನ್ನು ಹೆಣೆಯುತ್ತದೆ. ತಣ್ಣಗಿರುವಾಗ ಈ ಬಂಧಗಳು ಸಲ್ಫೇಟುಗಳನ್ನು ಅಂಕುಡೊಂಕಾದ ಸರಪಳಿಗಳಾಗಿ ಕಟ್ಟಿಹಾಕಿರುತ್ತವೆ. ಪ್ರೋಟಾನು ತನ್ನ ಬಂಧದ ಈ ತುದಿಯಿಂದ ಆ ತುದಿಗೆ ಜಿಗಿಯಬಹುದು, ಆದರೆ ಅಲ್ಲಿಂದ ಮುಂದಕ್ಕೆ ದಾರಿಯಿಲ್ಲ.

ಹೆಂಚು ಹೊದಿಸುವವರನ್ನು ನೆನೆಯಿರಿ. ಏಣಿಯ ಮೇಲೆ ಸಾಲಾಗಿ ನಿಂತವರು ಕೆಳಗಿನವರ ಕೈಯಿಂದ ಹೆಂಚನ್ನು ಪಡೆದು, ಮೈ ತಿರುಗಿಸಿ, ಮೇಲಿನವರ ಕೈಗೆ ಕೊಡುತ್ತಾರೆ. ಹೆಂಚು ಮೇಲೇರುತ್ತದೆ, ಆದರೆ ಜನರು ನಿಂತಲ್ಲೇ ಇರುತ್ತಾರೆ. ಅವರ ಸೊಂಟ ತಿರುಗದಂತೆ ಕಟ್ಟಿಹಾಕಿದರೆ, ಕೈಗಳು ಎಷ್ಟೇ ಚುರುಕಾಗಿದ್ದರೂ ಹೆಂಚು ಇಬ್ಬರ ನಡುವೆಯೇ ಉಳಿಯುತ್ತದೆ. 141 ಡಿಗ್ರಿಯಲ್ಲಿ ಬಿಚ್ಚಿಕೊಳ್ಳುವುದು ಈ ಕಟ್ಟು. ಸಲ್ಫೇಟುಗಳು ತಮ್ಮ ನೆಲೆಯನ್ನು ಬಿಡದೆ ಹಲವು ದಿಕ್ಕುಗಳಿಗೆ ಹೊರಳತೊಡಗುತ್ತವೆ. ಬಂಧ ಏರ್ಪಡಬಹುದಾದ ಜಾಗಗಳು ಇರುವ ಪ್ರೋಟಾನುಗಳಿಗಿಂತ ಹೆಚ್ಚಾಗುತ್ತವೆ. ಖಾಲಿ ಜಾಗ ಸಿಕ್ಕ ಪ್ರೋಟಾನು ಕೈಯಿಂದ ಕೈಗೆ ದಾಟಿಕೊಂಡು ಹೋಗುತ್ತದೆ. ನೀರಿನಲ್ಲಿ ವಿದ್ಯುತ್ತು ಹೀಗೆ ಹಸ್ತಾಂತರದಿಂದ ಸಾಗುತ್ತದೆಂದು ಗ್ರೋಥಸ್ ಎಂಬ ವಿಜ್ಞಾನಿ 1806ರಲ್ಲಿಯೇ ಊಹಿಸಿದ್ದ, ಪ್ರೋಟಾನೆಂಬ ಹೆಸರು ಹುಟ್ಟುವುದಕ್ಕೂ ಬಹಳ ಮೊದಲು! ಬೆಚ್ಚನೆಯ ಪ್ರಾವಸ್ಥೆಯಲ್ಲಿ ಸಲ್ಫೇಟು ಹೊರಳುವ ವೇಗ ಎಷ್ಟೆಂದರೆ, ಪ್ರೋಟಾನಿನ ಜಿಗಿತವೇ ಅದಕ್ಕಿಂತ ನಿಧಾನವಾಗಿ ಹಿಂದೆ ಬೀಳುತ್ತದೆ. ಸಿಲ್ವರ್ ಅಯೊಡೈಡಿನಲ್ಲಿ ಕರಗಿದಂತಾಗುವುದು ಬೆಳ್ಳಿಯ ಅಯಾನುಗಳ ನೆಲೆ, ಇಲ್ಲಿ ಕರಗುವುದು ಸಲ್ಫೇಟಿನ ದಿಕ್ಕು ಎಂಬ ಈ ವ್ಯತ್ಯಾಸವೇ ನನಗೆ ಈ ವಿಷಯದ ಸೊಗಸಾಗಿ ಕಾಣುತ್ತದೆ.

ಇದರ ಸೋದರ ಲವಣವಾದ ಸೀಸಿಯಂ ಡೈಹೈಡ್ರೋಜನ್ ಫಾಸ್ಫೇಟಿನ ಬಗ್ಗೆ ಮಾತ್ರ ಒಂದು ತಕರಾರು ಬಹುಕಾಲ ನಡೆಯಿತು. ಸುಮಾರು 230 ಡಿಗ್ರಿಯಲ್ಲಿ ಅದರ ವಾಹಕತೆಯೂ ಜಿಗಿಯುತ್ತದೆ, ಆದರೆ ಹೆಚ್ಚುಕಡಿಮೆ ಅದೇ ತಾಪದಲ್ಲಿ ಅದು ನೀರನ್ನು ಕಳೆದುಕೊಂಡು ಕೆಡಲೂ ತೊಡಗುತ್ತದೆ. ಕಂಡದ್ದು ನಿಜವಾದ ಪರಿವರ್ತನೆಯಲ್ಲ, ಹೊರಬೀಳುತ್ತಿರುವ ನೀರಿನ ಆಟ ಎಂದು ಕೆಲವರು ವಾದಿಸಿದರು. ಇದು ನ್ಯಾಯವಾದ ಸಂಶಯವೇ, ಏಕೆಂದರೆ ಹರಳಿನ ಮೈಮೇಲೆ ನೀರಿನ ತೆಳುಪದರವಿದ್ದರೂ ವಾಹಕತೆ ಏರಬಲ್ಲದು. ಉತ್ತರ ಬೇಕಾದರೆ ನೀರು ಹೊರಗೆ ಹೋಗದಂತೆ ತಡೆದು ಅಳೆಯಬೇಕಿತ್ತು. 2003ರ ಹೊತ್ತಿಗೆ ಅಮೆರಿಕದ ಕ್ಯಾಲ್‌ಟೆಕ್ ವಿಶ್ವವಿದ್ಯಾಲಯದ ಸೊಸಿನಾ ಹೈಲೆ ಅವರ ತಂಡವು ವಾಯುಭಾರದ ಸುಮಾರು ಹತ್ತು ಸಾವಿರ ಪಟ್ಟು ಒತ್ತಡದಲ್ಲಿ ಆ ಅಳತೆಯನ್ನು ಮಾಡಿತು. ನೀರು ಹೊರಬೀಳಲು ಎಡೆಯಿಲ್ಲದಿದ್ದರೂ ವಾಹಕತೆ ಜಿಗಿಯಿತು.

ಇದೇ ತಂಡ 2001ರಲ್ಲಿ, ಪ್ರೋಟಾನು ಸಾಗುವ ದಾರಿಯಾಗಿ ಸಲ್ಫೇಟ್ ಲವಣವನ್ನು ಬಳಸಿ, ಇಂಧನ ಕೋಶವನ್ನು, ಅಂದರೆ ಜಲಜನಕದಂಥ ಇಂಧನದಿಂದ ನೇರವಾಗಿ ವಿದ್ಯುತ್ತು ಪಡೆಯುವ ಸಾಧನವನ್ನು, ಕಟ್ಟಿ ತೋರಿಸಿತ್ತು. ಅದು ವಿದ್ಯುತ್ತನ್ನು ಕೊಟ್ಟಿತಾದರೂ ಕೋಶದಲ್ಲಿ ವೇಗವರ್ಧಕವಾಗಿರುವ ಪ್ಲಾಟಿನಂ ಮತ್ತು ಜಲಜನಕದ ಸಹವಾಸದಲ್ಲಿ ಸಲ್ಫೇಟು ನಿಧಾನವಾಗಿ ಹೈಡ್ರೋಜನ್ ಸಲ್ಫೈಡಾಗಿ ಮಾರ್ಪಟ್ಟು ಕೋಶವನ್ನೇ ಕೆಡಿಸುತ್ತದೆ. ಫಾಸ್ಫೇಟಿಗೆ ಈ ಚಾಳಿಯಿಲ್ಲ. ನೀರು ಕಳೆದುಕೊಳ್ಳುವ ಅದರ ಸ್ವಭಾವಕ್ಕೆ ಮದ್ದಾಗಿ ಕೋಶದೊಳಗೆ ಹಬೆಯನ್ನು ಹಾಯಿಸುವ ಉಪಾಯವು 2004ರಲ್ಲಿ ಪ್ರಕಟವಾಯಿತು. ಸುತ್ತಲಿನ ಹಬೆ ಸಾಕಷ್ಟಿದ್ದರೆ ಹರಳು ತನ್ನ ನೀರನ್ನು ಬಿಟ್ಟುಕೊಡುವುದಿಲ್ಲ.

ಆದರೆ ಈ ಲವಣ ನೀರಿನಲ್ಲಿ ಕರಗುವಂಥದ್ದು. ಹಬೆ ಇಲ್ಲದಿದ್ದರೆ ಕೋಶ ಬಾಳುವುದಿಲ್ಲ, ಹಬೆ ತಣಿದು ಹನಿಯಾದರೂ ಉಳಿಯುವುದಿಲ್ಲ. ಆದುದರಿಂದ ಹೊತ್ತಿಸುವಾಗ ಕೋಶವನ್ನು ಮೊದಲು ಒಣಗಿದ್ದಂತೆಯೇ ನೂರು ಡಿಗ್ರಿಯ ಆಚೆಗೆ ಕಾಯಿಸಿ, ಹಬೆಯನ್ನು ಅನಂತರ ಬಿಡಬೇಕಾಗುತ್ತದೆ. ಆರಿಸುವಾಗ ತಣಿಯುವ ಮೊದಲೇ ಹಬೆಯನ್ನೆಲ್ಲ ಹೊರದಬ್ಬಬೇಕಾಗುತ್ತದೆ.

ನಮಸ್ಕಾರ.